ಪಾಮನಕಲ್ಲೂರಿನ ಬೇವಿನ ನೆರಳಲ್ಲಿ ಒಂದು ಕಾಂಟೆಸ್ಸಾ

ಸಿಂಧನೂರು ಬಿಟ್ಟು ಮಸ್ಕಿಯ ಕಡೆಗೆ ಹೊರಟರೆ ಬಹುದೂರದವರೆಗೆ ಭತ್ತದ ಗದ್ದೆಗಳು ಜೊತೆಗೇ ಬರುತ್ತವೆ. ತುಂಗಭದ್ರಾ ಎಡದಂಡೆ ನಾಲೆಯ ನೀರು ಮುಟ್ಟಿದ ನೆಲ ಅದು. ಮಸ್ಕಿ ದಾಟಿ ಪಾಮನಕಲ್ಲೂರಿನ ದಾರಿ ಹಿಡಿದಿರೋ, ಹಸಿರು ತೆಳುವಾಗುತ್ತ ಹೋಗುತ್ತದೆ. ತೊಗರಿ, ಹತ್ತಿ, ಸಜ್ಜೆಯ ಹೊಲಗಳು, ನಡುನಡುವೆ ಕಲ್ಲು ಗುಂಡುಗಳ ಗುಡ್ಡ, ಜಾಲಿ, ಬೇವು. ಇಲ್ಲಿ ಬೆಳೆ ಆಕಾಶ ನೋಡಿಕೊಂಡು ಬದುಕುತ್ತದೆ. ಕೃಷ್ಣೆ ಮತ್ತು ತುಂಗಭದ್ರೆ ಎಂಬ ಎರಡು ಹೊಳೆಗಳ ನಡುವಿನ ಎಡೆದೊರೆ ನಾಡಿನಲ್ಲಿದ್ದೂ ನೀರಿಗಾಗಿ ಕಾಯುವ ಊರುಗಳಿವು. 2020ರ ಕೊನೆಯಲ್ಲಿ ನಾರಾಯಣಪುರ ಬಲದಂಡೆಯ 5ಎ ಕಾಲುವೆ ಆಗಲೇಬೇಕೆಂದು ಸುತ್ತಲಿನ ರೈತರು ಧರಣಿ ಕೂತದ್ದು ಇದೇ ಪಾಮನಕಲ್ಲೂರಿನಲ್ಲಿ. 2021ರ ಮಸ್ಕಿ ಉಪಚುನಾವಣೆಯಲ್ಲಿ ಎಲ್ಲ ಪಕ್ಷದವರ ಭಾಷಣಕ್ಕೂ ಆ ಕಾಲುವೆಯೇ ವಿಷಯವಾಗಿತ್ತು.

ಮಸ್ಕಿಗೆ ಬಂದವರು ಅಶೋಕನ ಬಂಡೆಯನ್ನು ನೋಡದೆ ಮುಂದೆ ಹೋಗಬಾರದು. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಅದನ್ನು ಕಂಡ. ಚಿನ್ನ ಹುಡುಕುತ್ತಿದ್ದವನಿಗೆ ಶಾಸನ ಸಿಕ್ಕಿತು. ಅಲ್ಲಿಯವರೆಗೆ ಶಾಸನಗಳಲ್ಲಿ ‘ದೇವಾನಂಪ್ರಿಯ’ ಎಂದಷ್ಟೇ ಕಾಣುತ್ತಿದ್ದ ದೊರೆಯೇ ಅಶೋಕ ಎಂದು ಹೆಸರಿನ ಸಮೇತ ಸಾರಿದ್ದು ಈ ಬಂಡೆ. ನಾನು ವಿಜ್ಞಾನದ ಮಾಸ್ತರನಾದರೂ ಮಕ್ಕಳನ್ನು ಇಲ್ಲಿಗೆ ಕರೆತಂದಾಗಲೆಲ್ಲ ಇದನ್ನು ಹೇಳದೆ ಬಿಡುವುದಿಲ್ಲ. ಆದರೆ ಕಳೆದ ಬೇಸಿಗೆ ರಜೆಯಲ್ಲಿ ನಾನು ಈ ದಾರಿಯಲ್ಲಿ ಹೊರಟದ್ದು ಶಾಸನಕ್ಕಾಗಿ ಅಲ್ಲ, ಒಂದು ಮುದಿ ಕಾರಿಗಾಗಿ.

ಪಾಮನಕಲ್ಲೂರು ಮೊದಲು ಲಿಂಗಸುಗೂರು ತಾಲ್ಲೂಕಿನಲ್ಲಿತ್ತು, ಈಗ ಮಸ್ಕಿಯದು. ಅಲ್ಲಿ ನನಗೆ ಪರಿಚಯದ ಒಬ್ಬ ಗೌಡರಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅವರ ಮನೆಯ ಮುಂದಿನ ಬೇವಿನ ಮರದ ಕೆಳಗೆ ಬಿಳಿ ಬಣ್ಣದ ಕಾಂಟೆಸ್ಸಾ ನಿಂತಿದೆ. 1990ರ ದಶಕದ ಪೆಟ್ರೋಲ್ ಗಾಡಿ. ಅವರ ತಂದೆ ಹತ್ತಿ ಚೆನ್ನಾಗಿ ಬೆಳೆದ ವರ್ಷ ಹೈದರಾಬಾದಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡು ತಂದದ್ದು. ಊರಿನ ಹಿರಿಯ ಹೆಂಗಸರಿಗೆ ಅದು ಕಾಂಟೆಸ್ಸಾ ಅಲ್ಲ, ‘ಹೆರಿಗಿ ಗಾಡಿ’. ಆಂಬುಲೆನ್ಸಿಗೆ ಫೋನು ಮಾಡುವ ಕಾಲ ಬರುವ ಮೊದಲು ರಾತ್ರಿ ಹೊತ್ತು ನೋವು ತಿನ್ನುವ ಹೆಂಗಸರನ್ನು ಲಿಂಗಸುಗೂರಿನ ಆಸ್ಪತ್ರೆಗೆ ಮುಟ್ಟಿಸಿದ್ದು ಅದೇ. ಅದರ ಹಿಂದಿನ ಸೀಟಿನಲ್ಲಿ ಹುಟ್ಟಿದವನೊಬ್ಬ ಈಗ ಊರಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದಾನೆ.

ಈಗ ಗಾಡಿ ಹತ್ತು ಕಿಲೋಮೀಟರ್ ಓಡಿದರೆ ಕುದಿಯುತ್ತದೆ. ಗುಜರಿಯವನು ಬಂದು ಕಿಲೋ ಲೆಕ್ಕದಲ್ಲಿ ಮೂವತ್ತು ಸಾವಿರದ ಒಳಗೆ ಕೇಳಿ ಹೋಗಿದ್ದ. ಗೌಡರು ಕೊಡುವ ಮನಸ್ಸು ಮಾಡಿದ್ದರು. ಮಗಳು ದ್ವಿತೀಯ ಪಿಯುಸಿ ವಿಜ್ಞಾನ ಮುಗಿಸಿದ್ದಾಳೆ, ಹಾಸ್ಟೆಲಿನ ಹಣ ಕಟ್ಟಬೇಕು. ಕೊಡಬೇಡಿ ಎಂದು ಹಟ ಹಿಡಿದವಳೂ ಅವಳೇ. “ಸರ್, ಒಂದ್ ಸಲ ನೀವು ನೋಡ್ರಿ, ಆಮ್ಯಾಗ ಅಪ್ಪ ಏನಾದ್ರೂ ಮಾಡ್ಲಿ” ಎಂದು ಫೋನು ಮಾಡಿದ್ದಳು.

ಈ ಕಾರಿನ ಹಿನ್ನೆಲೆಯನ್ನು ಇಂದಿನ ಮಕ್ಕಳಿಗೆ ಸ್ವಲ್ಪ ಹೇಳಬೇಕು. ಬ್ರಿಟನ್ನಿನ ವಾಕ್ಸ್‌ಹಾಲ್ ಕಂಪನಿ 1972ರಲ್ಲಿ ಹೊಸ ಮಾದರಿಯ ವಿಕ್ಟರ್ ಕಾರು ತಂದಿತು. ಅಲ್ಲಿ ಅದರ ಕಾಲ ಮುಗಿದ ಮೇಲೆ ಹಿಂದೂಸ್ತಾನ್ ಮೋಟಾರ್ಸ್ ಆ ಅಚ್ಚುಗಳನ್ನು ತಂದು 1984ರಲ್ಲಿ ಕಾಂಟೆಸ್ಸಾ ಎಂದು ಹೊರಬಿಟ್ಟಿತು. ಮೈ ದೊಡ್ಡದು, ಎಂಜಿನ್ ಮಾತ್ರ ಅಂಬಾಸಡರಿನದೇ: 1489 ಸಿಸಿ, 50 ಅಶ್ವಶಕ್ತಿಯ ಆಸುಪಾಸು. ಎತ್ತು ಸಣ್ಣದು, ಬಂಡಿ ದೊಡ್ಡದು. ಮುಂದೆ ಜಪಾನಿನ ಇಸುಜು ಕಂಪನಿಯ 1.8 ಲೀಟರ್ ಎಂಜಿನ್ ಬಂದಾಗ ಕಾರಿಗೆ ಜೀವ ಬಂತು. ನಾನು ಹೈಸ್ಕೂಲಿನಲ್ಲಿದ್ದಾಗ ಅಂಬಾಸಡರ್ ಬಂದರೆ ಸಾಹೇಬರು ಬಂದರು ಎನ್ನುತ್ತಿದ್ದೆವು, ಕಾಂಟೆಸ್ಸಾ ಬಂದರೆ ಸಾಹುಕಾರರು ಬಂದರು ಎನ್ನುತ್ತಿದ್ದೆವು. 2002ರಲ್ಲಿ ಇದರ ತಯಾರಿಕೆ ನಿಂತಿತು. ಅದೇ ಕಾಲದ ಇನ್ನೊಂದು ದೊಡ್ಡ ಕಾರು, ಮದರಾಸಿನ ಸ್ಟ್ಯಾಂಡರ್ಡ್ 2000, ಕೆಲವೇ ವರ್ಷಗಳಲ್ಲಿ ಮರೆಯಾಯಿತು. ಕಾಂಟೆಸ್ಸಾ ಇಷ್ಟು ಕಾಲ ಉಳಿದಿರುವುದಕ್ಕೆ ಒಂದು ಕಾರಣವೆಂದರೆ ಅದೇ ಇಸುಜು ಎಂಜಿನ್ ಅಂಬಾಸಡರ್ 1800 ಮಾದರಿಗೂ ಬಂದದ್ದು. ಅಂಬಾಸಡರ್ 2014ರವರೆಗೆ ತಯಾರಾಗುತ್ತಿತ್ತಲ್ಲ, ಹಾಗಾಗಿ ಎಂಜಿನ್ನಿನ ಸಾಮಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಸಿಕ್ಕೀತು. ಮುಂದಿನ ದೀಪ, ಬಾಗಿಲ ಹಿಡಿಕೆ, ಗಾಜಿನ ಅಂಚಿನ ರಬ್ಬರು ಕಷ್ಟ. ಕೊಳ್ಳುವವರು ಇದನ್ನು ನೆನಪಿಡಬೇಕು. ಹಳೆಯ ಐಷಾರಾಮಿ ಕಾರಿಗೆ ಬೆಲೆ ಕಡಿಮೆ, ಆದರೆ ರಿಪೇರಿ ಅದು ಹೊಸದಿದ್ದಾಗಿನ ಅಂತಸ್ತಿನದೇ.

ನಾನು ಮುಟ್ಟಿದಾಗ ಬೆಳಗಿನ ಒಂಬತ್ತು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಕವಿತಾಳದ ಕಡೆಯಿಂದ ಒಬ್ಬ ಹಿರಿಯ ಮೆಕ್ಯಾನಿಕ್ ಬಂದಿದ್ದರು. ನಮ್ಮ ಕಡೆ ಅಂಥವರನ್ನು ಉಸ್ತಾದ್ ಎನ್ನುತ್ತೇವೆ. ಶಾಲೆಯ ಮುಖ ಹೆಚ್ಚು ನೋಡಿದವರಲ್ಲ, ಆದರೆ ಎಂಜಿನ್ನಿಗೆ ಕಿವಿಗೊಟ್ಟು ಯಾವ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಎಂದು ಹೇಳಬಲ್ಲವರು.

“ಏನ್ ನೀರು ಹಾಕ್ತೀರ್ರಿ ಇದಕ್ಕ?” ಎಂಬುದು ಅವರ ಮೊದಲ ಪ್ರಶ್ನೆ.

“ನಾವು ಕುಡಿಯೋದ ಹಾಕೀವಿ, ಬೋರಿನ ನೀರು” ಎಂದರು ಗೌಡರು.

ಉಸ್ತಾದರು ನನ್ನತ್ತ ನೋಡಿದರು. ಅಲ್ಲಿಂದ ಮುಂದಿನದು ನನ್ನ ಪಾಠದ ಭಾಗ.

ನಮ್ಮ ಭಾಗದ ಬೋರಿನ ನೀರಿನಲ್ಲಿ ಸುಣ್ಣದಂಶ ಹೆಚ್ಚು. ಸ್ನಾನದ ಹಂಡೆಯೊಳಗೆ ಬಿಳಿಯ ಹಕ್ಕಳೆ ಕಟ್ಟುವುದನ್ನು ಪ್ರತಿ ಮನೆಯ ತಾಯಂದಿರೂ ಬಲ್ಲರು. ಪಠ್ಯಪುಸ್ತಕದಲ್ಲಿ ‘ತಾತ್ಕಾಲಿಕ ಗಡಸುತನ’ ಎಂಬ ಪಾಠವಿದೆ. ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ ಬೈಕಾರ್ಬೊನೇಟು ಕಾದಾಗ ಒಡೆದು ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ, ಕ್ಯಾಲ್ಸಿಯಂ ಕಾರ್ಬೊನೇಟು ಗಟ್ಟಿಯಾಗಿ ಕೂರುತ್ತದೆ. ಹಂಡೆಯಲ್ಲಾದದ್ದು ಕಾರಿನೊಳಗೂ ಆಗುತ್ತದೆ. ಹಂಡೆಗೆ ಕೈ ಹಾಕಿ ಉಜ್ಜಬಹುದು. ರೇಡಿಯೇಟರಿನ ಕೊಳವೆಗಳ ಒಳಗೆ ಹುಲ್ಲುಕಡ್ಡಿ ತೂರುವುದೂ ಕಷ್ಟ. ಮೇಲಾಗಿ ಆ ಹಕ್ಕಳೆಯ ಉಷ್ಣವಾಹಕತೆ ತಾಮ್ರದ ನೂರರಲ್ಲಿ ಒಂದು ಪಾಲೂ ಇಲ್ಲ. ಎಂಜಿನ್ ಕೊಡುವ ಕಾವನ್ನು ಗಾಳಿಗೆ ದಾಟಿಸಬೇಕಾದ ಲೋಹಕ್ಕೆ ಕಂಬಳಿ ಹೊದಿಸಿದ ಹಾಗೆ. ಗಾಡಿ ಕುದಿಯುತ್ತದೆ, ಕುದಿದಾಗ ಮತ್ತೆ ಬೋರಿನ ನೀರು ಹೊಯ್ಯುತ್ತೇವೆ, ಮತ್ತಷ್ಟು ಸುಣ್ಣ. ಮದ್ದೇ ರೋಗವಾಗುವುದು ಹೀಗೆ.

ಮುಚ್ಚಳದ ವಿಷಯವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಚಿಕ್ಕವರು ಕಾರಿನ ಸುತ್ತ ಇರುತ್ತಾರೆ. ರೇಡಿಯೇಟರಿನ ಮುಚ್ಚಳ ಕೊಡದ ಮುಚ್ಚಳದಂತಲ್ಲ, ಕುಕ್ಕರಿನ ಮುಚ್ಚಳದಂತೆ. ಅದರ ಮೇಲೆ 0.9 ಎಂದೋ 13 ಎಂದೋ ಅಚ್ಚಾಗಿರುತ್ತದೆ. ವಾತಾವರಣದ ಒತ್ತಡಕ್ಕಿಂತ ಅಷ್ಟು ಹೆಚ್ಚಿನ ಒತ್ತಡವನ್ನು ಒಳಗೆ ಹಿಡಿದಿಡುತ್ತೇನೆ ಎಂಬುದು ಅದರ ಅರ್ಥ. ಆ ಒತ್ತಡದಲ್ಲಿ ನೀರು 100 ಡಿಗ್ರಿಗೆ ಕುದಿಯದೆ 118ರ ಸುಮಾರಿಗೆ ಕುದಿಯುತ್ತದೆ. ಈಗ 110 ಡಿಗ್ರಿ ಕಾದ ನೀರಿನ ಮೇಲಿನ ಮುಚ್ಚಳವನ್ನು ಯಾರೋ ಬಿಚ್ಚಿದರೆ? ಒತ್ತಡ ಇಳಿದ ಕ್ಷಣವೇ ನೀರಿನ ಒಂದು ಪಾಲು ಆವಿಯಾಗುತ್ತದೆ. ನೀರು ಆವಿಯಾದರೆ ಗಾತ್ರ ಸಾವಿರದ ಆರುನೂರು ಪಟ್ಟಿಗೂ ಹೆಚ್ಚು. ಅದು ಮುಖಕ್ಕೇ ಎರಚುತ್ತದೆ. ಕುದಿದ ಗಾಡಿಯ ಮುಚ್ಚಳವನ್ನು ಅರ್ಧ ಗಂಟೆಗೂ ಮೇಲೆ, ಮೇಲಿನ ಹೋಸ್ ಪೈಪು ಕೈಗೆ ತಣ್ಣಗೆ ಸಿಗುವವರೆಗೆ, ಮುಟ್ಟಕೂಡದು. ಒದ್ದೆ ಬಟ್ಟೆ ಹಾಕಿ ಬಿಚ್ಚುತ್ತೇನೆ ಎನ್ನುವ ಧೈರ್ಯವಂತರನ್ನು ದೂರ ನಿಲ್ಲಿಸಿ.

ಮುಚ್ಚಳದ ರಬ್ಬರು ಒಣಗಿ ಬಿರಿದಿದ್ದರೆ ಒತ್ತಡ ನಿಲ್ಲದೆ ಒಳ್ಳೆಯ ರೇಡಿಯೇಟರೂ ಕುದಿಯುತ್ತದೆ. ಗೌಡರ ಗಾಡಿಯಲ್ಲಿ ಅದೂ ಬಿರಿದಿತ್ತು. ಇಂಥ ಅಗ್ಗದ ಸಾಮಾನನ್ನು ಮೊದಲು ನೋಡದೆ ಎಂಜಿನ್ ಬಿಚ್ಚುವವರು ಇದ್ದಾರೆ.

ಉಸ್ತಾದರಿಗೂ ನನಗೂ ಥರ್ಮೊಸ್ಟಾಟ್ ವಿಷಯದಲ್ಲಿ ಜಗಳವಾಯಿತು. ರೇಡಿಯೇಟರಿಗೂ ಎಂಜಿನ್ನಿಗೂ ನಡುವೆ ಕೂರುವ ಸಣ್ಣ ಬಾಗಿಲು ಅದು. ಒಳಗೆ ಮೇಣ ತುಂಬಿರುತ್ತದೆ. 82 ಡಿಗ್ರಿಯ ಸುಮಾರಿಗೆ ಮೇಣ ಕರಗಿ ಹಿಗ್ಗಿ ಬಾಗಿಲು ತೆರೆಯುತ್ತದೆ. ನಮ್ಮ ಭಾಗದ ಗ್ಯಾರೇಜುಗಳಲ್ಲಿ “ಇಲ್ಲಿ ಬಿಸಿಲು ಭಾಳ, ಇದು ಬ್ಯಾಡ” ಎಂದು ಅದನ್ನು ಕಿತ್ತೆಸೆಯುವುದೇ ರೂಢಿ. ಈ ಗಾಡಿಯದನ್ನೂ ಯಾರೋ ಎಂದೋ ಕಿತ್ತಿದ್ದರು. ಬಾಗಿಲು ಅಂಟಿಕೊಂಡು ತೆರೆಯದಿದ್ದರೆ ಗಾಡಿ ಕುದಿಯುವುದು ನಿಜ. ಆದರೆ ಅದಕ್ಕೆ ಹೊಸದನ್ನು ಹಾಕಬೇಕು. ಬಾಗಿಲೇ ಇಲ್ಲದಿದ್ದರೆ ಬೆಳಗಿನ ಹೊತ್ತು ಎಂಜಿನ್ ಕಾವಿಗೆ ಬರುವುದು ತಡ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಸವೆತವೂ ಹೆಚ್ಚು. ಹಳೆಯದೊಂದು ಥರ್ಮೊಸ್ಟಾಟ್ ಉಸ್ತಾದರ ಚೀಲದಲ್ಲೇ ಇತ್ತು. ಹುಡುಗಿ ಅದನ್ನು ದಾರದಲ್ಲಿ ಕಟ್ಟಿ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಒಲೆಯ ಮೇಲಿಟ್ಟಳು. ಕಾಲೇಜಿನ ಥರ್ಮಾಮೀಟರ್ ಹಿಡಿದು ಕೂತಳು. 80 ದಾಟಿ ಎರಡು ಡಿಗ್ರಿಗೆ ಬಾಗಿಲು ಮೆಲ್ಲಗೆ ಬಾಯಿ ತೆರೆಯಿತು. “ಹೌದಲ್ಲ, ಮೂವತ್ತು ವರ್ಷ ಕಿತ್ತೀನಿ, ಹಿಂಗ ಕುದಿಸಿ ನೋಡಿದ್ದಿಲ್ಲ” ಎಂದು ಉಸ್ತಾದರು ನಕ್ಕರು. ಅಷ್ಟು ಹೇಳಲು ಎಷ್ಟು ಜನ ಪದವೀಧರರಿಗೆ ಬಾಯಿ ಬರುತ್ತದೆ?

ಭಯವಿದ್ದದ್ದು ಹೆಡ್ ಗ್ಯಾಸ್ಕೆಟ್ಟಿನ ಬಗ್ಗೆ. ಪದೇ ಪದೇ ಕುದಿದ ಎಂಜಿನ್ನಿನ ಹೆಡ್ ಸೊಟ್ಟಾಗುತ್ತದೆ, ಗ್ಯಾಸ್ಕೆಟ್ ಸುಡುತ್ತದೆ, ನೀರು ಆಯಿಲಿಗೆ ಸೇರುತ್ತದೆ. ಹಾಗಾಗಿದ್ದರೆ ಗುಜರಿಯವನ ಮಾತೇ ಸರಿ ಎನ್ನಬೇಕಾಗಿತ್ತು. ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಹೀಗಿದೆ: ಎಂಜಿನ್ ಪೂರ್ತಿ ತಣ್ಣಗಿದ್ದಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಬದಿ ನೋಡಿ. ಮಜ್ಜಿಗೆಯಂಥ ಬಿಳಿ ನೊರೆ ಅಂಟಿದ್ದರೆ ಅನುಮಾನ. ಆಮೇಲೆ ರೇಡಿಯೇಟರ್ ಮುಚ್ಚಳ ತೆಗೆದು ಎಂಜಿನ್ ಶುರು ಮಾಡಿ. ನೀರಿನಲ್ಲಿ ನಿಲ್ಲದೆ ಗುಳ್ಳೆ ಏಳುತ್ತಿದ್ದರೆ ಸಿಲಿಂಡರಿನ ಹೊಗೆ ನೀರಿಗೆ ನುಗ್ಗುತ್ತಿದೆ ಎಂದರ್ಥ. ಎರಡೂ ಇಲ್ಲ. ಗೌಡರು ಮಾತಾಡಲಿಲ್ಲ, ತಂದೆಯ ಕಾಲದ ಆ ಸ್ಟಿಯರಿಂಗಿನ ಮೇಲೆ ಸುಮ್ಮನೆ ಕೈಯಿಟ್ಟುಕೊಂಡು ಕೂತರು.

ಮಧ್ಯಾಹ್ನ ಗಾಡಿಯನ್ನು ಮಸ್ಕಿಗೆ ಒಯ್ಯೋಣ ಎಂದು ಹೊರಟೆವು. ಐದು ಲೀಟರಿನ ಎರಡು ಕ್ಯಾನು ನೀರಿಟ್ಟುಕೊಂಡು, ಕಿಟಕಿ ಇಳಿಸಿ, ಮೆಲ್ಲಗೆ. ಅರ್ಧ ದಾರಿಯಲ್ಲಿ ಗಾಡಿ ನಿಂತಿತು. ಕುದಿದು ಅಲ್ಲ, ಕೆಮ್ಮಿ ನಿಂತಿತು. ಸುತ್ತ ಒಂದು ಮರವಿಲ್ಲ. ಕರಿ ಎರಿಯ ಹೊಲ ಬಾಯಿ ಬಿಟ್ಟು ಬಿದ್ದಿತ್ತು. ಉಸ್ತಾದರು ಟವೆಲು ನೆನೆಸಿ ಎಂಜಿನ್ನಿನ ಮಗ್ಗುಲಿನ ಪೆಟ್ರೋಲ್ ಪಂಪಿಗೆ ಸುತ್ತಿದರು. ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಗಾಡಿ ಏನೂ ಆಗದವರಂತೆ ಹೊರಟಿತು. ಮಂತ್ರವಲ್ಲ ಇದು. ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿಯ ಆಸುಪಾಸಿನಲ್ಲೇ ಕುದಿಯಲು ತೊಡಗುತ್ತವೆ. ಕಾರ್ಬೊರೇಟರ್ ಕಾಲದ ಕಾರುಗಳಲ್ಲಿ ಪಂಪು ಸಾಮಾನ್ಯವಾಗಿ ಎಂಜಿನ್ನಿನ ಮೈಗೇ ಅಂಟಿಕೊಂಡಿರುತ್ತದೆ. ನಮ್ಮ ಮೇ ತಿಂಗಳಲ್ಲಿ ಹೊರಗಿನ ಗಾಳಿಯೇ 40 ದಾಟಿರುವಾಗ ಪಂಪಿನೊಳಗೆ ಪೆಟ್ರೋಲಿನ ಬದಲು ಅದರ ಆವಿ ತುಂಬುತ್ತದೆ. ಆವಿಯನ್ನು ಪಂಪು ತಳ್ಳಲಾರದು. ಒದ್ದೆ ಟವೆಲಿನ ನೀರು ಆರುವಾಗ ಪಂಪಿನ ಕಾವನ್ನು ಎಳೆದುಕೊಳ್ಳುತ್ತದೆ. ಮಣ್ಣಿನ ಗಡಿಗೆಯ ನೀರು ತಣ್ಣಗಾಗುವುದೂ ಇದೇ ಲೆಕ್ಕದಲ್ಲಿ. ಮಕ್ಕಳು ‘ಸುಪ್ತೋಷ್ಣ’ ಎಂದು ಬಾಯಿಪಾಠ ಮಾಡುತ್ತಾರೆ. ಅದರ ರುಚಿ ತಿಳಿಯುವುದು ಇಂಥ ದಾರಿಯಲ್ಲಿ.

ಮತ್ತೊಂದು ಹೊಸ ತೊಡಕು ಪೆಟ್ರೋಲಿನದೇ. ಈಗ ಬಂಕುಗಳಲ್ಲಿ ಸಿಗುವುದು ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲು. ಕಾಂಟೆಸ್ಸಾ ತಯಾರಾದಾಗ ಈ ಬೆರಕೆಯ ಯೋಚನೆ ಯಾರಿಗೂ ಇರಲಿಲ್ಲ. ಎಥೆನಾಲ್ ಹಳೆಯ ರಬ್ಬರ್ ಪೈಪುಗಳನ್ನು ಮೆತ್ತಗೆ ಮಾಡುತ್ತದೆ, ಗಾಳಿಯ ತೇವವನ್ನು ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು ಸೇರಿ ತುಕ್ಕು ಹಿಡಿಯಬಹುದು. ಲೀಟರಿಗೆ ಸಿಗುವ ಶಕ್ತಿಯೂ ಪೆಟ್ರೋಲಿನ ಮೂರನೆಯ ಎರಡು ಪಾಲಿನಷ್ಟೇ. ಹಳೆಯ ಕಾರು ಇಟ್ಟುಕೊಂಡವರು ಎಲ್ಲಕ್ಕಿಂತ ಮೊದಲು ಟ್ಯಾಂಕಿನಿಂದ ಕಾರ್ಬೊರೇಟರಿನವರೆಗಿನ ಪೈಪುಗಳನ್ನು ಎಥೆನಾಲ್ ತಡೆಯುವ ಪೈಪಿಗೆ ಬದಲಾಯಿಸಿಕೊಳ್ಳುವುದು ಒಳ್ಳೆಯದು. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಗೌಡರ ಗಾಡಿಯ ಪೈಪನ್ನು ಚಿವುಟಿದರೆ ಉಗುರಿನ ಗುರುತು ಉಳಿಯುತ್ತಿತ್ತು. ಅದನ್ನು ಮಸ್ಕಿಯಲ್ಲೇ ಬದಲಾಯಿಸಿದೆವು.

ಮಸ್ಕಿಯಲ್ಲಿ ರೇಡಿಯೇಟರ್ ಇಳಿಸಿ ಮೇಲಿನ ಟ್ಯಾಂಕಿನ ಬೆಸುಗೆ ಬಿಚ್ಚಿಸಿದಾಗ ನೋಡಬೇಕಿತ್ತು. ಅರ್ಧಕ್ಕೂ ಹೆಚ್ಚು ಕೊಳವೆಗಳ ಬಾಯಿ ಸುಣ್ಣದಲ್ಲಿ ಮುಚ್ಚಿತ್ತು. ಕೆಲಸಗಾರ ಚಪ್ಪಟೆ ಸರಿಗೆಯನ್ನು ಒಂದೊಂದೇ ಕೊಳವೆಗೆ ತೂರಿಸಿ ಕೆರೆದ. ಬಿಳಿಯ ಪುಡಿ ಬೊಗಸೆಗಟ್ಟಲೆ ಬಂತು. ಹುಡುಗಿ ಅದನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಂಡು ಬಂದು ಮನೆಯಲ್ಲಿ ನಿಂಬೆರಸ ಹಿಂಡಿದಳು. ಬುಸ್ಸೆಂದು ನೊರೆ ಎದ್ದಿತು. ಕೆಲವರು ಹುಣಸೆ ನೀರನ್ನೇ ರೇಡಿಯೇಟರಿಗೆ ತುಂಬಿ ಓಡಿಸುತ್ತಾರೆ. ಆಮ್ಲ ಸುಣ್ಣವನ್ನು ಕರಗಿಸುವುದೇನೋ ಸರಿ, ಬೆಸುಗೆಯನ್ನೂ ಬಿಡುವುದಿಲ್ಲ. ಸಿಟ್ರಿಕ್ ಆಮ್ಲದ ತೆಳು ದ್ರಾವಣ ಸ್ವಲ್ಪ ಹೊತ್ತು ಓಡಿಸಿ, ಎರಡು ಮೂರು ಸಲ ಒಳ್ಳೆಯ ನೀರಿನಲ್ಲಿ ತೊಳೆದು ತೆಗೆಯುವುದಾದರೆ ಅಡ್ಡಿಯಿಲ್ಲ.

ಉಳಿದ ರೋಗಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಬ್ಯಾಟರಿಗೂ ಬೋರಿನ ನೀರು ಕುಡಿಸಿದ್ದರು, ಅದು ಸತ್ತಿತ್ತು. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಅದಕ್ಕೆ ಸಲ್ಲದು. ಟರ್ಮಿನಲ್ಲಿನ ಮೇಲೆ ಬೆಳೆದ ಹಸಿರು-ಬಿಳಿ ಹೂವನ್ನು ಅಡುಗೆ ಸೋಡಾ ನೀರಿನಲ್ಲಿ ತೊಳೆದೆವು, ಆಮ್ಲಕ್ಕೆ ಕ್ಷಾರ. ಎ.ಸಿ. ಎಂದೋ ನಿಂತಿದೆ. ಅದರಲ್ಲಿದ್ದುದು ಆರ್-12 ಅನಿಲ. ಓಜೋನ್ ಪದರವನ್ನು ತಿನ್ನುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದ ಮೇರೆಗೆ ಜಗತ್ತೇ ಅದನ್ನು ಕೈಬಿಟ್ಟಿದೆ. ಬೇರೆ ಅನಿಲಕ್ಕೆ ಬದಲಾಯಿಸಬೇಕೆಂದರೆ ಕಂಪ್ರೆಸರಿನ ಆಯಿಲು, ರಬ್ಬರ್ ಉಂಗುರ ಎಲ್ಲ ಬದಲಾಗಬೇಕು. ಕಿಟಕಿ ಇಳಿಸಿಕೊಳ್ಳಿ ಎಂದೆ. ಬಾಗಿಲಿನ ತಳದಲ್ಲಿ ನೀರು ಹೋಗಲೆಂದು ಇಟ್ಟ ಸಣ್ಣ ತೂತುಗಳು ಎರಿ ಮಣ್ಣಿನ ಧೂಳಿನಿಂದ ಮುಚ್ಚಿ ಒಳಗಿಂದ ತುಕ್ಕು ತಿಂದಿತ್ತು. ಒಂದು ಪಿನ್ನು ಸಾಕಾಗಿತ್ತು ಅದನ್ನು ತಡೆಯಲು. ಎರಿ ಮಣ್ಣು ಮಳೆಗೆ ಹಿಗ್ಗುತ್ತದೆ, ಬಿಸಿಲಿಗೆ ಕುಗ್ಗುತ್ತದೆ, ಅದರ ಮೇಲಿನ ರಸ್ತೆ ಅಲೆಯಲೆಯಾಗುತ್ತದೆ. ಹಾಗಾಗಿ ಈ ಕಡೆಯ ದೊಡ್ಡ ಕಾರುಗಳ ಶಾಕ್ ಅಬ್ಸಾರ್ಬರ್, ಬುಷ್ಷುಗಳಿಗೆ ಆಯುಷ್ಯ ಕಡಿಮೆ.

ಬ್ರೇಕಿನ ವಿಷಯ ಮಾತ್ರ ಬೇಗ ಹೇಳುವಂಥದಲ್ಲ. ಬ್ರೇಕ್ ಆಯಿಲು ನೋಡಲು ತುಂಬಿಯೇ ಇರುತ್ತದೆ, ಯಾರೂ ಬದಲಾಯಿಸುವುದಿಲ್ಲ. ಅದು ಗಾಳಿಯ ತೇವವನ್ನು ವರ್ಷವರ್ಷ ಹೀರುತ್ತಿರುತ್ತದೆ. ಡಾಟ್ 3 ಎಂಬ ದರ್ಜೆಯ ಹೊಸ ಆಯಿಲು 205 ಡಿಗ್ರಿಯವರೆಗೆ ಕುದಿಯಕೂಡದು ಎಂಬುದು ನಿಯಮ. ತೇವ ಹಿಡಿದದ್ದಕ್ಕೆ ಆ ಮಿತಿ 140ಕ್ಕೆ ಇಳಿಯುತ್ತದೆ. ನಮ್ಮ ಬಯಲಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಅದೇ ಗಾಡಿ ಹಾಕಿಕೊಂಡು ಧರ್ಮಸ್ಥಳಕ್ಕೋ ಗೋಕರ್ಣಕ್ಕೋ ಹೋಗಿ ಘಾಟು ಇಳಿಯುವಾಗ ಬ್ರೇಕು ಕಾದು, ಆಯಿಲು ಕುದಿದು ಆವಿಯಾದರೆ ಪೆಡಲು ಸ್ಪಂಜಿನಂತೆ ಕೆಳಗೆ ಹೋಗುತ್ತದೆ. ಕುಟುಂಬ ಸಮೇತ ಹಳೆಯ ಕಾರಿನಲ್ಲಿ ಯಾತ್ರೆಗೆ ಹೊರಡುವ ತಂದೆ-ತಾಯಂದಿರು ಮೊದಲು ಈ ಆಯಿಲನ್ನು ಬದಲಾಯಿಸಿಕೊಳ್ಳಲಿ.

ಲೆಕ್ಕ ಹಾಕಿದಾಗ ಗೌಡರ ಒಟ್ಟು ಖರ್ಚು ಗುಜರಿಯವನು ಕೊಡುತ್ತೇನೆಂದ ಹಣದ ಅರ್ಧ ದಾಟಲಿಲ್ಲ. ಹಾಸ್ಟೆಲಿನ ಹಣಕ್ಕೆ ಅವರು ತೊಗರಿ ಮಾರಿದರು. ಹದಿನೈದು ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೆ ಮತ್ತೆ ತಪಾಸಣೆ, ನೋಂದಣಿ ನವೀಕರಣ ಆಗಬೇಕು. ಅದರ ಗಡುವು ಬರುವವರೆಗಂತೂ ಗಾಡಿ ಬೇವಿನ ಕೆಳಗೇ ಇರುತ್ತದೆ.

ನಾನು ಹೊರಡುವ ಮುಂಚೆ ನೀರಿನ ವ್ಯವಸ್ಥೆಯಾಯಿತು. ಕೂಲಂಟ್ ಬೆರೆಸಲು ಪ್ರತಿಸಲ ಡಿಸ್ಟಿಲ್ಡ್ ವಾಟರ್ ತರಲು ಲಿಂಗಸುಗೂರಿಗೆ ಹೋಗುವವರಾರು? ಮಳೆನೀರು ಇದೆಯಲ್ಲ ಎಂದಳು ಹುಡುಗಿ. ಸುಣ್ಣವಿಲ್ಲದ ನೀರು ಪುಕ್ಕಟೆ ಬೀಳುವುದು ಆಕಾಶದಿಂದಲೇ. ಬರಿಯ ಮಳೆನೀರು ಲೋಹಕ್ಕೆ ತುಕ್ಕು ಹಿಡಿಸುತ್ತದೆ, ಆದ್ದರಿಂದ ಕೂಲಂಟ್ ಸಮಪಾಲು ಸೇರಲೇಬೇಕು ಎಂದೆ. ತಗಡಿನ ಚಾವಣಿಯ ಅಂಚಿಗೆ ಪೈಪು ಕಟ್ಟಿ, ಕೆಳಗೆ ತೊಳೆದ ಪ್ಲಾಸ್ಟಿಕ್ ಡ್ರಮ್ಮು ಇಟ್ಟು, ಬಾಯಿಗೆ ಬಿಳಿ ಬಟ್ಟೆ ಬಿಗಿದರು. ಮೊದಲ ಮಳೆಯ ನೀರು ಬಿಟ್ಟು ಎರಡನೆಯದನ್ನು ಹಿಡಿಯಬೇಕೆಂದು ಹೇಳಿದ್ದೆ. ಜೂನ್ ಎರಡನೆಯ ವಾರ ಅವಳ ಫೋನು ಬಂತು. ಡ್ರಮ್ಮಿನಲ್ಲಿ ಒಂದು ಗೇಣು ನೀರು ನಿಂತಿತ್ತು. ಒಂದು ಲೋಟ ಕುದಿಸಿ ಬತ್ತಿಸಿ ನೋಡಿದ್ದಳಂತೆ, ತಳದಲ್ಲಿ ಬಿಳಿ ಹಕ್ಕಳೆ ಕಾಣಲಿಲ್ಲವಂತೆ. “ಮತ್ತ ಅಪ್ಪ ಅದ ನೀರಿನ್ಯಾಗ ಬ್ಯಾಳಿ ಬೇಯಿಸಿದ್ರ ಹೆಂಗಾಗ್ತದ ಅಂತ ಕೇಳಾಕತ್ಯಾನ್ರಿ ಸರ್” ಎಂದಳು.